ಮೊಟ್ಟೆ ಕಾಣುವ ಚಿತ್ರ

ಡಿಸೆಂಬರ್ 10

ಅಣ್ಣ,

ಪತ್ರ ಬರೆಯಲು ಹೇಳಿದ್ದು ಅಮ್ಮ. "ಫೋನು ಹಿಡಿದ್ರೆ ನೀವಿಬ್ರೂ ಮೂರನೇ ಮಾತಿಗೆ ಕಚ್ಚಾಡ್ತೀರಿ. ಬರೆದು ಕಳಿಸು. ಬರೆಯುವಾಗ ಕೈ ನೋಯುತ್ತೆ, ಅರ್ಧ ಬೈಗುಳ ಅಲ್ಲೇ ಉಳಿಯುತ್ತೆ" ಎಂದಳು. ಅವಳ ಮಂಡಿನೋವು ಹಾಗೇ ಇದೆ, ನಾಲಿಗೆ ಇನ್ನೂ ಚುರುಕಾಗಿದೆ. ಮನೆಯ ಸಮಾಚಾರ ಇಷ್ಟೇ.

ನಮ್ಮ ಮನೆಯ ಹಿಂದಿನ ಹಳೆಯ ಕಲ್ಲುಕ್ವಾರಿಯ ಗೇಟಿಗೆ ಹೋದ ವಾರ ಒಂದು ಫಲಕ ಹಾಕಿದ್ದಾರೆ. ಮತ್ತೆ ಕೆಲಸ ಶುರುವಾಗುತ್ತದಂತೆ. ಬಂಡೆ ಸಿಡಿಸುವ ಹೊಣೆ ಯಾರದು ಎಂಬಲ್ಲಿ ನಿನ್ನ ಹೆಸರಿದೆ. ಎರಡು ವರ್ಷದಿಂದ ಆ ಹೆಸರನ್ನು ಅಮ್ಮನ ಬಾಯಲ್ಲಿ ಕೇಳಿದ್ದು ಬಿಟ್ಟರೆ ಎಲ್ಲೂ ಕಂಡಿರಲಿಲ್ಲ. ತುಕ್ಕು ಹಿಡಿದ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ.

ನಾನು ಹಕ್ಕಿಗಳ ಚಿತ್ರ ತೆಗೆಯಲು ಶುರು ಮಾಡಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ದಿನವಿಡೀ ಕಿಟಕಿಯಿಲ್ಲದ ಎಕ್ಸ್‌ರೇ ಕೋಣೆಯಲ್ಲಿ ನಿಂತು ಜನರಿಗೆ "ಉಸಿರು ಹಿಡ್ಕೊಳ್ಳಿ, ಅಲುಗಾಡಬೇಡಿ" ಅನ್ನುವವಳು ನಾನು. ಚಳಿಗಾಲದ ಬೆಳಗ್ಗೆ, ಆಸ್ಪತ್ರೆಗೆ ಹೋಗುವ ಮೊದಲು, ಕ್ಯಾಮೆರಾ ತೆಗೆದುಕೊಂಡು ಕ್ವಾರಿಯ ಅಂಚಿಗೆ ಹೋಗುತ್ತೇನೆ. ಅಲ್ಲಿ ಉಸಿರು ಹಿಡಿಯುವ ಸರದಿ ನನ್ನದು. ತಳದಲ್ಲಿ ನಿಂತ ನೀರಿಗೆ ಎಲ್ಲಿಂದಲೋ ಬಾತುಗಳು ಬರುತ್ತವೆ. ಮಂಜು ಏಳುವವರೆಗೆ ಅವು ಬರೀ ಸದ್ದು, ಆಮೇಲೆ ಆಕಾರ, ಆಮೇಲೆ ಬಣ್ಣ.

ಈಗ ವಿಷಯಕ್ಕೆ ಬರುತ್ತೇನೆ. ಪಡುವಣ ಗೋಡೆಯ ಮಧ್ಯದಲ್ಲಿ, ಹಿಂದೆ ನಿಮ್ಮಂಥವರು ಕೊರೆದು ಬಿಟ್ಟ ಕುಳಿಗಳ ಗುರುತಿನ ಕೆಳಗೆ, ಕಲ್ಲಿನ ಒಂದು ಚಾಚು ಇದೆ. ಅದರ ಮೇಲೆ ಒಂದು ಕೊಂಬಿನ ಗೂಬೆ ಕೂತಿದೆ. ಕಡ್ಡಿ ತಂದು ಗೂಡು ಕಟ್ಟುವ ಜಾತಿಯಲ್ಲ ಅದು, ಬರಿಗಲ್ಲಿನ ಮೇಲೇ ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಕೆಲವು ದಿನದಿಂದ ಹೆಣ್ಣು ಜಾಗ ಬಿಟ್ಟು ಕದಲಿಲ್ಲ. ಕತ್ತಲಾಗುವ ಹೊತ್ತಿಗೆ ಗಂಡು ಇಲಿಯನ್ನೋ ಏನನ್ನೋ ತಂದುಕೊಟ್ಟು ಹೋಗುತ್ತದೆ. ಮೊಟ್ಟೆ ಇದೆ ಎನ್ನಲು ನನಗೆ ಅಷ್ಟು ಸಾಕು.

ಮಾರ್ಚ್ ತನಕ ಆ ಗೋಡೆಯೊಂದನ್ನು ಬಿಟ್ಟುಕೊಡಲು ಆಗುತ್ತದೆಯೇ? ಮರಿ ನಡೆಯುವಷ್ಟಾದರೆ ಸಾಕು. ಗೂಡಿರುವ ಕಡೆ ಸಿಡಿಸಬಾರದು ಎಂಬ ಷರತ್ತು ಆ ಫಲಕದಲ್ಲೇ ಸಣ್ಣ ಅಕ್ಷರದಲ್ಲಿದೆ. ನನ್ನ ಸಲುವಾಗಿ ಎನ್ನಲಾರೆ. ಹಾಗೆ ಕೇಳುವ ಸಲಿಗೆ ನಮ್ಮ ನಡುವೆ ಉಳಿದಿದೆಯೋ ಇಲ್ಲವೋ ತಿಳಿಯದು.

ನಿನ್ನ ತಂಗಿ


ಡಿಸೆಂಬರ್ 15

ಪುಟ್ಟಿ,

ಎರಡು ವರ್ಷಕ್ಕೆ ತಂಗಿಯ ಕಾಗದ ಬಂತು, ಅದೂ ಒಂದು ಗೂಬೆಯ ಪರವಾಗಿ. ನಿನ್ನ ಅತ್ತಿಗೆ ಓದಿ ನಕ್ಕಳು. "ಎಲ್ಲರೂ ನಿಮ್ಮ ತಲೆ ಮೇಲೆ ಗೂಬೆ ಕೂರಿಸ್ತಾರೆ, ನಿಮ್ಮ ತಂಗಿ ಮಾತ್ರ ನಿಜವಾದದ್ದನ್ನೇ ಕಳಿಸ್ತಿದಾರೆ" ಅಂದಳು. ಅಪ್ಪ ನಿನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರ ಫಲ ನಿನ್ನ ಒತ್ತಕ್ಷರಗಳಲ್ಲಿ ಈಗಲೂ ಕಾಣುತ್ತದೆ.

ನಿಜ ಹೇಳುತ್ತೇನೆ, ನನ್ನ ಸ್ಥಿತಿ ಈಗ ನೆಟ್ಟಗಿಲ್ಲ. ಹೋದ ವರ್ಷ ಇನ್ನೊಂದು ಕ್ವಾರಿಯಲ್ಲಿ ಬಂಡೆಯ ಬಿರುಕು ಯಾಕೋ ಸರಿ ಕಾಣಲಿಲ್ಲ. ಕೆಲಸ ನಿಲ್ಲಿಸಿಬಿಟ್ಟೆ. ಆಮೇಲೆ ಪರೀಕ್ಷೆ ಮಾಡಿದರೆ ಏನೂ ಇರಲಿಲ್ಲ. ವಾರವಿಡೀ ಲಾರಿಗಳು ಖಾಲಿ ನಿಂತವು. "ನಿಮ್ಮ ಮನಸ್ಸಿಗೆ ಅನ್ನಿಸಿದ್ದಕ್ಕೆಲ್ಲ ಕಂಪನಿ ನಿಲ್ಲಲ್ಲ. ಇನ್ನೊಂದ್ಸಲ ಆಧಾರ ಇಲ್ಲದೆ ನಿಲ್ಲಿಸಿದ್ರೆ ಮನೆಗೆ ಹೋಗಿ" ಎಂದು ಮ್ಯಾನೇಜರು ಎಲ್ಲರ ಮುಂದೆ ಹೇಳಿದರು. ಐವತ್ತು ದಾಟಿದವನಿಗೆ ಯಾರು ಹೊಸ ಕೆಲಸ ಕೊಡುತ್ತಾರೆ?

ಜನವರಿ 8ಕ್ಕೆ ಮೊದಲ ಸಿಡಿತ. ಅದೂ ನಿನ್ನ ಪಡುವಣ ಗೋಡೆಯಲ್ಲೇ, ಕಲ್ಲು ಚೆನ್ನಾಗಿರುವುದು ಅಲ್ಲೇ. ನಿನಗೆ ಗೊತ್ತು ಎಂದರೆ ಸಾಲದು, ನಾನು ತೋರಿಸಬೇಕು. ಚಿತ್ರ ಕಳಿಸು. ನಾನಿರುವ ಕಡೆ ಫೋನು ಸರಿಯಾಗಿ ಸಿಗುವುದಿಲ್ಲ. ಕಂಪನಿಯ ಲಾರಿ ಆ ದಾರಿಯಲ್ಲಿ ಬಂದು ಹೋಗುತ್ತಿರುತ್ತದೆ, ಚಾಲಕನ ಕೈಗೆ ಕೊಡು.

ಅಮ್ಮನಿಗೆ ಮಂಡಿಪಟ್ಟಿ ಕಳಿಸಿದ್ದೇನೆ. ನೀನು ತಂದದ್ದು ಎಂದು ಹೇಳು, ಹಾಕಿಕೊಳ್ಳುತ್ತಾಳೆ.

ಅಣ್ಣ


ಡಿಸೆಂಬರ್ 19

ಅಣ್ಣ,

ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಕಳಿಸಿದ್ದೇನೆ. ಮೊದಲ ನೋಟಕ್ಕೆ ಬರೀ ಬಂಡೆ ಕಾಣುತ್ತದೆ. ನಡುವಿನ ಬಿರುಕಿನಿಂದ ಎಡಕ್ಕೆ ಬಾ. ಎರಡು ಕಿತ್ತಳೆ ಗೆರೆಗಳಿವೆಯಲ್ಲ, ಅವು ಅರೆ ಮುಚ್ಚಿದ ಕಣ್ಣು. ಅಲ್ಲಿಂದ ಹಕ್ಕಿ ತಾನಾಗಿ ಕಾಣಿಸುತ್ತದೆ. ಒಮ್ಮೆ ಕಂಡ ಮೇಲೆ ಮತ್ತೆ ಬರೀ ಬಂಡೆಯನ್ನು ನೋಡಲು ಆಗುವುದಿಲ್ಲ.

ಇದನ್ನು ತೆಗೆದದ್ದು ಎದುರಿನ ಅಂಚಿನಿಂದ, ನೀರಿನ ಈಚೆಯಿಂದ. ಅದಕ್ಕಿಂತ ಹತ್ತಿರ ನಾನು ಹೋಗುವುದಿಲ್ಲ. ಹೋಗಲು ಬಿಡದ ಇನ್ನೊಂದು ಕಾರಣವೂ ಇದೆ, ಹೇಳಿದರೆ ನಗುತ್ತೀಯ. ಕೈ ಪಳಗಲೆಂದು ಮೊದಮೊದಲು ಮನೆ ಮುಂದೆ ರಸ್ಕಿನ ಚೂರು ಹಾಕಿ ಕಾಗೆಗಳ ಚಿತ್ರ ತೆಗೆಯುತ್ತಿದ್ದೆ. ಈಗ ಕ್ಯಾಮೆರಾದ ಚೀಲ ಕಂಡರೆ ಸಾಕು, ಬೀದಿಯ ಕೊನೆಯವರೆಗೆ ಹಿಂದೆ ಬರುತ್ತವೆ. "ನಿನ್ನ ದಿಬ್ಬಣ ಹೊರಟಿತು" ಎನ್ನುತ್ತಾಳೆ ಅಮ್ಮ. ಗೂಬೆಯನ್ನು ಕಂಡರೆ ಕಾಗೆಗೆ ಆಗುವುದಿಲ್ಲ. ಬೀದಿಯ ಕೊನೆಯಲ್ಲಿ ಅವು ಬೇಸತ್ತು ಹಿಂತಿರುಗುವವರೆಗೆ ಕಾದು, ಆಮೇಲೆ ಮುಂದೆ ಹೋಗುತ್ತೇನೆ.

ಒಂದು ಮಾತು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಅಪ್ಪನ ಎದೆಯ ಚಿತ್ರ ತೆಗೆದವಳು ನಾನೇ. ಆ ಮಚ್ಚೆಯನ್ನು ಮೊದಲು ಕಂಡವಳೂ ನಾನೇ. ಇವತ್ತೇ ದೊಡ್ಡಾಸ್ಪತ್ರೆಗೆ ಕರೆದೊಯ್ಯೋಣ ಎಂದಾಗ ನೀನು, "ನೀನು ಫೋಟೋ ತೆಗೆಯೋಳು, ಓದೋಳಲ್ಲ. ಡಾಕ್ಟರ ರಿಪೋರ್ಟ್ ಬರಲಿ" ಎಂದೆ. ರಿಪೋರ್ಟ್ ಬಂತು. ಬೇಗ ಹೋಗಿದ್ದರೆ ಅಪ್ಪ ಉಳಿಯುತ್ತಿದ್ದರೇ ಎಂದು ಕೇಳಿದರೆ, ಬಹುಶಃ ಇಲ್ಲ. ನಿನ್ನ ಮೇಲೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ಸ್ವಲ್ಪ ಹೊರಿಸಲೆಂದೇ ಬರೆಯುತ್ತಿರಲೂಬಹುದು. ಈ ಸಲವಾದರೂ ನಾನು ಹೇಳಿದ್ದು ನಿನಗೆ ಸಾಕಾಗಲಿ ಎಂಬ ಆಸೆ.

ಮಂಡಿಪಟ್ಟಿ ಹಾಕಿಕೊಂಡಿದ್ದಾಳೆ. "ಅವನು ಕಳಿಸಿದ್ದು ಅಂತ ಗೊತ್ತು, ಹೇಳಬೇಡ" ಎಂದಿದ್ದಾಳೆ.

ತಂಗಿ


ಡಿಸೆಂಬರ್ 24

ಪುಟ್ಟಿ,

ನಿನ್ನ ಚಿತ್ರದಲ್ಲಿ ಹಕ್ಕಿ ಕಾಣಲು ನನಗೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು. ಕಂಡ ಮೇಲೆ ಮೈ ಜುಮ್ಮೆಂದಿತು. ಅಷ್ಟು ಹೊತ್ತು ಬಂಡೆಯನ್ನು ಓದುತ್ತಿದ್ದ ನನ್ನನ್ನೇ ಅದು ನೋಡುತ್ತಿತ್ತು.

ಮ್ಯಾನೇಜರ ಮುಂದೆ ಇಟ್ಟೆ.

"ಏನ್ರೀ ಇದು, ಬಂಡೆ ಫೋಟೋನಾ?"

ಗೂಬೆ ಎಂದು ಬೆರಳಿಟ್ಟು ತೋರಿಸಿದೆ. ಷರತ್ತನ್ನೂ ಓದಿ ಹೇಳಿದೆ.

"ಕೂತಿದೆ, ಅಷ್ಟೇ ತಾನೆ? ನಾನೂ ಬೆಳಗ್ಗಿಂದ ಕೂತಿದೀನಿ. ಮೊಟ್ಟೆ ಇಟ್ಟಿದೀನಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ಅದೇ ಬೇಸರ. ಆದರೆ ಅವರ ಮಾತಿನಲ್ಲಿ ತೂಕವಿದೆ. ಷರತ್ತು ಹೇಳುವುದು ಹಕ್ಕಿಯ ಬಗ್ಗೆ ಅಲ್ಲ, ಗೂಡಿನ ಬಗ್ಗೆ. ಮೊಟ್ಟೆಯೋ ಮರಿಯೋ ಕಾಣಬೇಕು, ತಾರೀಕು ಚಿತ್ರದಲ್ಲೇ ಇರಬೇಕು. ಅಂಥದ್ದೊಂದು ಸಿಕ್ಕರೆ ಅರಣ್ಯ ಇಲಾಖೆಗೆ ನಾನೇ ಕಳಿಸುತ್ತೇನೆ, ಆಮೇಲೆ ಇವರು ನನ್ನನ್ನು ಮುಟ್ಟಲಾರರು.

ಅಪ್ಪನ ವಿಷಯ ಬರೆದಿದ್ದೀಯ. ಓದಿದೆ.

ಅಣ್ಣ


ಡಿಸೆಂಬರ್ 28

ಅಣ್ಣ,

ಮೊಟ್ಟೆ ಕಾಣಬೇಕಾದರೆ ಹಕ್ಕಿ ಏಳಬೇಕು. ಅದು ಏಳುವುದು ಬೆಳಕು ಹರಿಯುವ ಮುಂಚೆ ಒಮ್ಮೆ, ಮೊಟ್ಟೆ ತಿರುಗಿಸಲು. ಆಗ ಎದುರಿನ ಅಂಚಿನಿಂದ ತೆಗೆದರೆ ಬೂದಿಯ ಮೇಲೆ ಬೂದಿ ಬಿದ್ದಂತೆ ಕಾಣುತ್ತದೆ. ಮೂರು ಬೆಳಗ್ಗೆ ಪ್ರಯತ್ನಿಸಿದೆ. ಸ್ಪಷ್ಟವಾಗಿ ಬೇಕೆಂದರೆ ಗೋಡೆಯ ಪಕ್ಕದ ಇಳಿಜಾರಿಗೆ ಹೋಗಬೇಕು. ಈ ಚಳಿಯಲ್ಲಿ ಅದು ಹೆದರಿ ಹಾರಿ, ಹಿಂತಿರುಗಲು ತಡ ಮಾಡಿದರೆ ಮೊಟ್ಟೆ ತಣ್ಣಗಾಗುತ್ತದೆ. ಅಲ್ಲಿಗೆ ಮುಗಿಯಿತು.

ಇರುವುದನ್ನು ಇದೆ ಎಂದು ತೋರಿಸಲು ಹೋಗಿ ಇಲ್ಲವಾಗಿಸಬೇಕೇ?

ನೀನೇ ಒಂದು ಬೆಳಗ್ಗೆ ಬಾ. ನನ್ನ ಪಕ್ಕ ಕೂರು. ನೀನು ಕಣ್ಣಾರೆ ನೋಡಿ, ಇಲ್ಲಿ ಗೂಡಿದೆ ಎಂದು ಬರೆದುಕೊಡು. ಬಂಡೆ ಸಿಡಿಸುವ ಲೈಸೆನ್ಸ್ ಇರುವವನ ಮಾತಿಗೆ ಬೆಲೆ ಇರುವುದಿಲ್ಲವೇ? ಅಮ್ಮನೂ ದಾರಿ ನೋಡುತ್ತಾಳೆ, ಬಾಯಿಬಿಟ್ಟು ಹೇಳುವುದಿಲ್ಲ.

ತಂಗಿ


ಡಿಸೆಂಬರ್ 31

ಪುಟ್ಟಿ,

ಬರಲಾರೆ. ಇಲ್ಲಿ ರಜೆ ಕೇಳಿದರೆ ಎಲ್ಲಿಗೆ ಎಂದು ಕೇಳುತ್ತಾರೆ. ತಂಗಿಯ ಮನೆಗೆ, ಗೂಬೆ ನೋಡಲು ಎಂದರೆ ಅಲ್ಲಿಗೆ ನನ್ನ ಕಥೆ ಮುಗಿಯುತ್ತದೆ. ಬಂದು ನೋಡಿದರೂ ನಾನು ಕಾಣುವುದು ನಿನ್ನ ಚಿತ್ರದಲ್ಲಿ ಕಂಡದ್ದೇ. ಅದನ್ನು ನಂಬಿ ಸಹಿ ಹಾಕು ಎನ್ನುತ್ತೀಯ. ಒಮ್ಮೆ ಹಾಗೆ ಅನ್ನಿಸಿದ್ದನ್ನು ನಂಬಿ ನಿಲ್ಲಿಸಿ ನೋಡಿದ್ದೇನೆ.

5ಕ್ಕೆ ಕುಳಿ ಕೊರೆಯುವ ಯಂತ್ರ ಹೊರಡುತ್ತದೆ. ಅಷ್ಟರೊಳಗೆ ಚಿತ್ರ ಬಂದರೆ ನಿಲ್ಲಿಸುತ್ತೇನೆ, ಇದು ಮಾತು. ಬಾರದಿದ್ದರೆ 8ಕ್ಕೆ ನಾನೇ ನಿಂತು ಸಿಡಿಸಬೇಕಾಗುತ್ತದೆ. ಆಮೇಲೆ ನನ್ನನ್ನು ಕೇಳಬೇಡ.

ಅಣ್ಣ


ಜನವರಿ 4

ಅಣ್ಣ,

ಇದರೊಂದಿಗೆ ಚಿತ್ರ ಇದೆ. ಮೂರು ಮೊಟ್ಟೆ. ಇವತ್ತು ಬೆಳಗ್ಗೆ ತೆಗೆದದ್ದು, ತಾರೀಕು ಮೂಲೆಯಲ್ಲಿದೆ.

ನಿನಗೆ ಬೇಕಾದದ್ದು ಇದೇ ಅಲ್ಲವೇ.

ತಂಗಿ


ಜನವರಿ 9

ಪುಟ್ಟಿ,

ನಿನ್ನೆ ಬಂಡೆ ಸಿಡಿಯಲಿಲ್ಲ.

ಚಿತ್ರ ಕೈಗೆ ಬಂದ ಕೂಡಲೇ ಒಂದು ಪ್ರತಿಯನ್ನು ಇಲಾಖೆಗೆ ಕಳಿಸಿ, ಇನ್ನೊಂದನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ. ಎಣಿಸಿ ಸರ್, ಎಂದೆ. ತುಂಬ ಹೊತ್ತು ನೋಡಿದರು. ದುಂಡಗಿನ ಕಲ್ಲಿರಬಹುದು ಎಂದರು. ಹಾಗಾದರೆ ಈ ಕಲ್ಲನ್ನು ರೆಕ್ಕೆಯಲ್ಲಿ ಮುಚ್ಚಿಕೊಳ್ಳುತ್ತಿರುವುದು ಯಾರು ಎಂದೆ. ಈ ಸಲ ಕೋಣೆಯಲ್ಲಿದ್ದವರು ನಕ್ಕದ್ದು ನನ್ನ ಕಡೆಗೆ.

22ಕ್ಕೆ ಅಧಿಕಾರಿ ಬಂದು ನೋಡುತ್ತಾರೆ. ಜಾಗ ತೋರಿಸಲು ನೀನಿರಬೇಕು. ಅಲ್ಲಿಯವರೆಗೆ ನನ್ನನ್ನು ಕ್ವಾರಿಗಳಿಂದ ದೂರವಿಟ್ಟು ಗೋದಾಮಿನ ಪಕ್ಕದ ಕೋಣೆಯಲ್ಲಿ ಕೂರಿಸಿದ್ದಾರೆ. ಗೂಡು ಸುಳ್ಳೆಂದಾದರೆ ಕೆಲಸವಷ್ಟೇ ಅಲ್ಲ, ಲೈಸೆನ್ಸಿನ ಬಗ್ಗೆಯೂ ಮೇಲಕ್ಕೆ ಬರೆಯುತ್ತಾರಂತೆ. ಬರೆಯಲಿ. ಬಹಳ ಕಾಲದ ಮೇಲೆ ನಿನ್ನೆ ಚೆನ್ನಾಗಿ ನಿದ್ದೆ ಬಂತು.

ಅಪ್ಪನ ಬಗ್ಗೆ ಬರೆದಿದ್ದೆಯಲ್ಲ, ಆ ಮಾತಿಗೆ ಅವತ್ತು ಉತ್ತರ ಬರೆಯಲಿಲ್ಲ. ಈಗ ಬರೆಯುತ್ತೇನೆ. ರಿಪೋರ್ಟ್ ಬರಲಿ ಎಂದು ನಾನು ಹೇಳಿದ್ದು ನಿನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ. ನೀನು ಹೇಳಿದರೆ ಅದು ನಿಜವೇ ಆಗಿರುತ್ತದೆ ಎಂದು ಗೊತ್ತಿತ್ತು. ಇನ್ನೆರಡು ದಿನ ಅದು ನಿಜವಾಗದೆ ಇರಲಿ ಎಂದು ಹಾಗಂದೆ.

ನಿನ್ನ ಕಾಗದ ಯಾಕೆ ಅಷ್ಟು ಚಿಕ್ಕದು? ಚಳಿಯಲ್ಲಿ ಕೂತು ಜ್ವರ ಬರಿಸಿಕೊಂಡಿದ್ದೀಯಾ?

ಅಣ್ಣ


ಜನವರಿ 13

ಅಣ್ಣ,

ಅಪ್ಪನ ವಿಷಯವನ್ನು ನೀನು ಬರೆಯದೇ ಇದ್ದಿದ್ದರೆ ಈ ಕಾಗದ ಸ್ವಲ್ಪ ಸುಲಭವಾಗುತ್ತಿತ್ತು.

ಮೊಟ್ಟೆಗಳು ಇಲ್ಲ. ಚಿತ್ರ ತೆಗೆದ ಬೆಳಗ್ಗೆಯೇ ಹೋದವು.

ಇಳಿಜಾರಿಗೆ ಹೋಗುವುದಿಲ್ಲ ಎಂದು ಬರೆದಿದ್ದೆ. ಹೋದೆ. ಬೀದಿಯ ಕೊನೆಯಲ್ಲಿ ಕಾಗೆಗಳು ಹಿಂತಿರುಗುವವರೆಗೆ ಕಾಯುತ್ತಿದ್ದೆನಲ್ಲ, ಅವತ್ತು ಕತ್ತಲಿದ್ದದ್ದರಿಂದ ಅವು ಎದ್ದಿರಲಿಕ್ಕಿಲ್ಲ ಎಂದುಕೊಂಡೆ, ಕಾಯಲಿಲ್ಲ. ತೆವಳಿಕೊಂಡು ಹೋಗಿ ಒಂದು ಬಂಡೆಯ ಹಿಂದೆ ಮಲಗಿದೆ. ಬೆಳಕು ಬರುವ ಹೊತ್ತಿಗೆ ಅದು ಎದ್ದು ನಿಂತಿತು. ಕಾಲ ಬುಡದಲ್ಲಿ ಮೂರು ಬಿಳಿ ಮೊಟ್ಟೆ. ಕೊಕ್ಕಿನಿಂದ ಒಂದೊಂದನ್ನೇ ತಿರುಗಿಸಿತು. ಅಷ್ಟು ದೊಡ್ಡ ಹಕ್ಕಿ, ಅಷ್ಟು ನಯವಾಗಿ. ನಾನಿರುವುದು ಅದಕ್ಕೆ ತಿಳಿಯಲೇ ಇಲ್ಲ. ಅಲ್ಲಿಗೇ ಎದ್ದು ಬಂದಿದ್ದರೆ ಎಲ್ಲವೂ ಸರಿಯಿರುತ್ತಿತ್ತು.

ತಾರೀಕು ಸರಿಯಾಗಿ ಬಂದಿದೆಯೇ ಎಂದು ಕ್ಯಾಮೆರಾದ ಹಿಂಬದಿ ನೋಡುತ್ತಾ ಕೂತೆ. ಒಂದನ್ನು ನೋಡಿ ಸಮಾಧಾನವಾಗದೆ ಇನ್ನೊಂದನ್ನು ನೋಡಿದೆ. ತಲೆಯೆತ್ತಿದಾಗ ನನ್ನ ದಿಬ್ಬಣ ಬಂದಿತ್ತು. ಚೀಲದ ಮೇಲೆಯೇ ಒಂದು ಕೂತು ಕೂಗಿತು. ಅವು ಬಂದದ್ದು ರಸ್ಕಿಗೆ, ನನ್ನನ್ನು ಹುಡುಕಿಕೊಂಡು. ನನ್ನ ಹತ್ತಿರ ಬಂದದ್ದರಿಂದ ಗೂಬೆ ಕಣ್ಣಿಗೆ ಬಿತ್ತು.

ಕಾಗೆಗಳೆಲ್ಲ ಒಟ್ಟಿಗೆ ಅದರ ಮೇಲೆ ಬಿದ್ದು ನೀರಿನಾಚೆಗೆ ಓಡಿಸಿದವು. ಎರಡು ಮಾತ್ರ ಚಾಚಿನ ಮೇಲೆ ಉಳಿದವು. ಎದ್ದು ನಿಂತು ಕೂಗಿದೆ, ಕಲ್ಲು ಎಸೆದೆ. ನಾನು ನಿಂತಿದ್ದರೆ ಗೂಬೆ ಬರುವುದಿಲ್ಲ, ನಾನು ಹೋದರೆ ಕಾಗೆ ಹೋಗುವುದಿಲ್ಲ. ಏನು ಮಾಡಬೇಕಿತ್ತು ಎಂದು ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಎದುರಿನ ಅಂಚಿಗೆ ಓಡಿ ಅಲ್ಲಿಂದ ನೋಡಿದೆ. ಕಲ್ಲಿನ ಮೇಲೆ ಹಳದಿ ಹರಿದಿತ್ತು.

ಅಲ್ಲಿಂದ ಬಂದು ಚಿತ್ರವನ್ನು ಅಚ್ಚು ಹಾಕಿಸಿ ನಿನ್ನ ಲಾರಿಯವನ ಕೈಗೆ ಕೊಟ್ಟೆ. ಲಕೋಟೆ ಅಂಟಿಸುವಾಗ ನನಗೆ ಎಲ್ಲ ಗೊತ್ತಿತ್ತು. ಚಿತ್ರ ಸುಳ್ಳಲ್ಲ ಅಣ್ಣ, ಅದನ್ನು ಕಳಿಸಿದ್ದು ಸುಳ್ಳು. ಮೊದಲ ಮೊಟ್ಟೆಗಳು ಹೋದರೆ ಕೆಲವು ಜೋಡಿ ಅಲ್ಲೇ ಆಸುಪಾಸಿನಲ್ಲಿ ಮತ್ತೆ ಇಡುತ್ತವೆ ಎಂದು ಓದಿದ್ದೇನೆ, ಗೋಡೆಯಾದರೂ ಉಳಿಯಲಿ ಎಂದುಕೊಂಡೆ. ಇದು ಆಗಲೇ ಇದ್ದ ಕಾರಣವೋ, ಆಮೇಲೆ ಹುಡುಕಿಕೊಂಡದ್ದೋ ನನಗೇ ಸ್ಪಷ್ಟವಿಲ್ಲ. ಕೇಳಿದೆಯಲ್ಲ, ತಗೋ ಎಂಬ ಹಟವೂ ಇದ್ದಿರಬಹುದು.

22ಕ್ಕೆ ಅಧಿಕಾರಿ ಬರುತ್ತಾರೆ. ಏನು ಹೇಳಲಿ?

ತಂಗಿ


ಜನವರಿ 15

ಮಗನೇ,

ಇವಳಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಅಂಚೆಗೆ ಹಾಕಲು ಪಕ್ಕದ ಮನೆಯವಳ ಕೈಗೆ ಕೊಡುತ್ತೇನೆ, ಅಂದರೆ ಬೀದಿಗೆಲ್ಲ ತಿಳಿಯುತ್ತದೆ, ಇರಲಿ.

ಪತ್ರದಲ್ಲೂ ಜಗಳ ಶುರು ಮಾಡಿದ್ದೀರಾ? ಇವಳು ತಟ್ಟೆಯ ಮುಂದೆ ಕೂತು ಏಳುತ್ತಾಳೆ. ಬೆಳಗ್ಗೆ ಹೊರಗೆ ಹೋಗುವುದು ನಿಂತಿದೆ. ಮೊನ್ನೆ ಕಾಗೆಗಳ ಮೇಲೆ ಬಕೆಟ್ಟಿನಲ್ಲಿದ್ದ ನೀರೆರಚಿದಳು. ಅವು ಒದ್ದೆಯಾಗಿ ಮತ್ತೆ ಕಾಂಪೌಂಡಿನ ಮೇಲೇ ಬಂದು ಕೂತವು. ಪಾಪ, ಅವಕ್ಕೇನು ಗೊತ್ತು? ಇವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಏನಾಯಿತು ಎಂದರೆ ಏನಿಲ್ಲ ಎನ್ನುತ್ತಾಳೆ. ಏನಿಲ್ಲ ಎನ್ನುವುದು ನಿಮ್ಮಪ್ಪನಿಂದ ಇಬ್ಬರಿಗೂ ಬಂದ ಆಸ್ತಿ.

ನೀನು ದೊಡ್ಡವನು. ಬೈಯುವುದಿದ್ದರೆ ಬೈದು ಮುಗಿಸು. ಸುಮ್ಮನಿರಬೇಡ, ಅದು ಬೈಗುಳಕ್ಕಿಂತ ಕೆಟ್ಟದ್ದು.

ಅಮ್ಮ


ಜನವರಿ 18

ನಿನ್ನ ಕಾಗದ ನನ್ನ ಜೇಬಿನಲ್ಲೇ ಇತ್ತು. ಊಟಕ್ಕೆ ಕೂತಾಗ, ಗೋದಾಮಿನಲ್ಲಿ ಮೂಟೆ ಲೆಕ್ಕ ಹಾಕುವಾಗ ತೆಗೆದು ತೆಗೆದು ಓದಿದೆ. ನಿನಗೆ ಫೋನ್ ಮಾಡಿ ಕೂಗಾಡಲೆಂದು ಸಿಗ್ನಲ್ ಸಿಗುವ ದಿಬ್ಬದ ತನಕ ನಡೆದೆ. ಮಾಡಲಿಲ್ಲ.

ನಿನ್ನ ಚಿತ್ರ ಹಿಡಿದು ನಾನು ಹೇಗೆ ಮೆರೆದೆ ಎಂದು ನಿನಗೆ ಬರೆದಿದ್ದೆನಲ್ಲ, ಅದನ್ನು ನೆನೆದರೆ ಮೈ ಉರಿಯುತ್ತದೆ. ಹೋಗಲಿ. ಈಗ ಹೇಳುವುದನ್ನು ಕೇಳು.

22ಕ್ಕೆ ಏನೂ ಹೇಳಬೇಡ. ಅವರು ಎದುರಿನ ಅಂಚಿನಿಂದಲೇ ನೋಡುತ್ತಾರೆ. ಹತ್ತಿರ ಹೋದರೆ ಗೂಡಿಗೆ ತೊಂದರೆ ಎಂದರೆ ಒಪ್ಪುತ್ತಾರೆ. ಹಕ್ಕಿ ಕಾಣದಿದ್ದರೆ ಅದು ಕಲ್ಲಿನಂತೆಯೇ ಇರುತ್ತದೆ ಎನ್ನು, ಅದು ನಿಜವೇ. ತಾರೀಕಿರುವ ಚಿತ್ರ ಅವರ ಕೈಯಲ್ಲಿದೆ, ಅಷ್ಟು ಸಾಕು. ಸುಳ್ಳು ಹೇಳು ಎನ್ನುತ್ತಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸು ಎನ್ನುತ್ತಿದ್ದೇನೆ. ನಿನ್ನ ಗೋಡೆಯೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ.

ಊಟ ಮಾಡು. ಅಮ್ಮ ಬರೆದಿದ್ದಳು.

ಅಣ್ಣ


ಜನವರಿ 24

ಅಣ್ಣ,

ನೀನು ಹೇಳಿದಂತೆ ಮಾಡಲಿಲ್ಲ. ಉಳಿದದ್ದನ್ನು ಓದುವ ಮೊದಲು ಇದು ನಿನಗೆ ಗೊತ್ತಿರಲಿ.

ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ನಿನ್ನ ಮ್ಯಾನೇಜರೂ ಬಂದಿದ್ದರು. ನೀನು ಬರೆದಷ್ಟು ಕೆಟ್ಟವರಲ್ಲ, ಇಳಿಯುವಾಗ ನನ್ನ ಚೀಲ ಹಿಡಿದುಕೊಂಡರು. ಎಲ್ಲ ನೀನಂದಂತೆಯೇ ನಡೆಯಿತು. ಚಿತ್ರ ಬಹಳ ಚೆನ್ನಾಗಿದೆ ಎಂದರು ಆಕೆ. ಗೂಡಿಗೆ ತೊಂದರೆ ಬೇಡ, ಇಲ್ಲಿಂದಲೇ ನೋಡುತ್ತೇನೆ ಎಂದರು. ದುರ್ಬೀನಿನಲ್ಲಿ ನೋಡಿದರು, ಕಾಣುತ್ತಿಲ್ಲ ಎಂದರು, ಹೀಗೇ ಅಲ್ಲವೇ, ಕಲ್ಲಿನ ಬಣ್ಣ ಎಂದು ತಾವೇ ಹೇಳಿಕೊಂಡರು. ಕಾಗದ ತೆಗೆದು ಮಂಡಿಯ ಮೇಲಿಟ್ಟು ಬರೆಯಲು ಶುರು ಮಾಡಿದರು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅದೇ ಕಷ್ಟವಾಯಿತು. ಕೇಳಿದ್ದರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡಬಹುದಿತ್ತು.

"ಮೊಟ್ಟೆ ಈಗ ಇಲ್ಲ ಮೇಡಂ" ಎಂದೆ. "ಚಿತ್ರ ತೆಗೀತಾ ಇದ್ದಾಗ ನನ್ನಿಂದಲೇ ಹೋದವು. ಚಿತ್ರ ಕಳಿಸುವಾಗ ಅಣ್ಣನಿಗೆ ಇದು ಗೊತ್ತಿರಲಿಲ್ಲ."

ಆಕೆ ಪೆನ್ನು ಎತ್ತಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಬರೆದದ್ದನ್ನು ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡರು.

ಫಲ ಹೀಗೆ. ಈಗ ಗೂಡಿಲ್ಲದ ಕಾರಣ ತಡೆ ಇಲ್ಲ. ನೀನು ನಿಲ್ಲಿಸಿದ್ದು ನಿನಗೆ ತಿಳಿದಷ್ಟರಲ್ಲಿ ಸರಿಯೇ ಎಂದು ಆಕೆ ಬರೆದಿದ್ದಾರೆ, ನಿನ್ನ ಲೈಸೆನ್ಸಿಗೆ ಏನೂ ಆಗುವುದಿಲ್ಲ. ಮ್ಯಾನೇಜರು ಹೊರಡುವಾಗ, "ನಿಮ್ಮಣ್ಣನ್ನ ನೀವೇ ಉಳಿಸಿದ್ರಿ ಬಿಡಿ. ಫೆಬ್ರವರಿ ಮಧ್ಯದಲ್ಲಿ ಯಂತ್ರ ಖಾಲಿಯಾಗುತ್ತೆ, ಅವರನ್ನೇ ಕಳಿಸ್ತೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಾಗಾಗಿ ಆ ಗೋಡೆಯನ್ನು ಸಿಡಿಸುವವನು ನೀನೇ.

ಸಂಜೆ ಎರಡೂ ಗೂಬೆಗಳ ಕೂಗು ಕೇಳಿಸುತ್ತದೆ. ಕ್ವಾರಿ ಬಿಟ್ಟು ಹೋಗಿಲ್ಲ. ನಾನು ನೋಡಲು ಹೋಗುವುದಿಲ್ಲ. ಈ ಕಾಗದಕ್ಕೆ ನೀನು ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ತಂಗಿ


ಫೆಬ್ರವರಿ 12

ಪುಟ್ಟಿ,

ನಿನ್ನ ಊರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ. ಅಮ್ಮನಿಗೆ ಹೇಳು, ಬೈಗುಳವನ್ನು ಮುಂದಿನ ಸಲ ಬಂದಾಗ ಒಟ್ಟಿಗೆ ತಗೊಳ್ಳುತ್ತೇನೆ.

ಕುಳಿಗಳ ಜಾಗ ಗುರುತು ಮಾಡಲು ನಿನ್ನೆ ನನ್ನನ್ನು ಕಳಿಸಿದ್ದರು. ಯಂತ್ರದವರು ಬರುವುದು ಒಂಬತ್ತಕ್ಕೆ. ನಾನು ಬೆಳಕು ಹರಿಯುವ ಮೊದಲೇ ಬಂದು ಎದುರಿನ ಅಂಚಿನಲ್ಲಿ ಕೂತೆ. ನೀನು ಕೂರುತ್ತಿದ್ದ ಜಾಗ ಯಾವುದೆಂದು ಹುಡುಕಬೇಕಾಗಲಿಲ್ಲ, ಹುಲ್ಲು ಅಲ್ಲಿ ಮಾತ್ರ ಮಲಗಿತ್ತು. ಮಂಜು ಏಳುವವರೆಗೆ ಏನೂ ಕಾಣಲಿಲ್ಲ. ಎದ್ದ ಮೇಲೂ ಏನೂ ಕಾಣಲಿಲ್ಲ. ನಿನ್ನ ಹಳೆಯ ಚಾಚು ಖಾಲಿ ಇತ್ತು. ಸರಿ, ಹಕ್ಕಿ ಹೋಗಿದೆ, ಒಳ್ಳೆಯದಾಯಿತು ಎಂದುಕೊಂಡು ಕಾಗದ ತೆಗೆದು ಗೋಡೆಯ ನಕ್ಷೆ ಬರೆಯತೊಡಗಿದೆ. ಬಿರುಕುಗಳನ್ನು ಒಂದೊಂದಾಗಿ ಹಾಕುತ್ತಾ ಬಂದೆ. ಕೆಳಗೆ ಬಲಗಡೆ ಒಂದು ಪೊಟರೆಯಂಥ ಜಾಗವಿದೆ, ಅಲ್ಲಿ ಕಲ್ಲಿನ ಪದರ ಅಡ್ಡ ಹೋಗುವ ಬದಲು ಉದ್ದಕ್ಕೆ ಹೋಗುತ್ತಿತ್ತು. ಆ ಬಂಡೆಯಲ್ಲಿ ಹಾಗೆ ಹೋಗಲು ಸಾಧ್ಯವಿಲ್ಲ. ಪೆನ್ಸಿಲ್ ನಿಲ್ಲಿಸಿ ಮತ್ತೆ ನೋಡಿದೆ. ಆ ಕಲ್ಲು ಕಣ್ಣು ತೆರೆಯಿತು.

ಒಂಬತ್ತರವರೆಗೆ ನೋಡುತ್ತಾ ಕೂತೆ. ಅದು ಏಳಲಿಲ್ಲ, ಕದಲಲಿಲ್ಲ. ಬಿಸಿಲು ಮುಖದ ಮೇಲೆ ಬಂದಾಗ ಕಣ್ಣು ಸಣ್ಣದು ಮಾಡಿಕೊಂಡಿತು, ಅಷ್ಟೇ.

ಯಂತ್ರದವರು ಬಂದರು. ವಿಷಯ ಕೇಳಿ ಅವರ ಮೇಸ್ತ್ರಿ ಹಗ್ಗ ತೆಗೆದ. "ಅದಕ್ಕೇನು ಸರ್, ಮೇಲಿಂದ ಇಳಿದು ನೋಡಿ ಬರ್ತೀನಿ. ಮೊಟ್ಟೆ ಇದ್ರೆ ಒಂದು ಫೋಟೋ ಹೊಡ್ಕೊಂಡೂ ಬರ್ತೀನಿ. ನಿಮಗೂ ಆಧಾರ ಆಗುತ್ತೆ" ಎಂದ. ಒಳ್ಳೆಯ ಮನುಷ್ಯ. ಐದು ನಿಮಿಷದ ಕೆಲಸ. ಹಗ್ಗದ ತುದಿಯನ್ನು ಆಗಲೇ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನಾನೂ ಸುಮ್ಮನೆ ನಿಂತಿದ್ದೆ.

ಬೇಡ ಎಂದೆ. ಹಗ್ಗ ಬಿಚ್ಚಿಸಿ ಯಂತ್ರವನ್ನು ಗೇಟಿನಿಂದಾಚೆ ಕಳಿಸಿದೆ.

ಮಧ್ಯಾಹ್ನ ಮ್ಯಾನೇಜರ ಎದುರು ನಿಂತೆ. ಈ ಸಲ ಅವರು ತಮಾಷೆ ಮಾಡಲಿಲ್ಲ.

"ಮೊಟ್ಟೆ ನೋಡಿದ್ರಾ?"

"ಇಲ್ಲ ಸರ್."

"ಯಾರನ್ನಾದ್ರೂ ಕಳಿಸಿ ನೋಡಿಸಿದ್ರಾ?"

"ಇಲ್ಲ. ನೋಡೋಕೆ ಹೋದ್ರೆ ಏನಾಗುತ್ತೆ ಅಂತ ನನ್ನ ತಂಗಿಗೆ ಗೊತ್ತು. ನಾನು ಹೋಗಲ್ಲ, ಯಾರನ್ನೂ ಕಳಿಸಲ್ಲ, ಮದ್ದು ತುಂಬೋಕೆ ಸಹಿನೂ ಹಾಕಲ್ಲ."

ಇದನ್ನೇ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಗೂಬೆ ಕೂತಿದೆ ಎಂದು ಬರೆದೆ. ಗೂಡಿದೆ ಎಂದು ಬರೆಯಲಿಲ್ಲ, ಅದು ನನಗೆ ತಿಳಿಯದು. ಒಂದು ಪ್ರತಿ ಆ ಅಧಿಕಾರಿಗೂ ಕಳಿಸಿದೆ. ಮ್ಯಾನೇಜರು ಎರಡು ಸಲ ಓದಿ, ಸೋಮವಾರದಿಂದ ಬರಬೇಡಿ ಎಂದರು. ಕೈಕುಲುಕಿದರು ಕೂಡ.

ಇನ್ನೊಬ್ಬ ಲೈಸೆನ್ಸಿನವನನ್ನು ಹುಡುಕುತ್ತಾರೆ. ಒಬ್ಬ ಬೇಡವೆಂದು ಬರೆದಿಟ್ಟ ಗೋಡೆಗೆ ಇನ್ನೊಬ್ಬ ಸುಲಭವಾಗಿ ಸಹಿ ಹಾಕುವುದಿಲ್ಲ, ತಡವಾದೀತು. ಎಷ್ಟು ತಡ ಎಂದು ಹೇಳಲಾರೆ. ನಿನ್ನ ಅತ್ತಿಗೆಗೆ ಹೇಳಿದೆ. ಎದ್ದು ಹೋಗಿ ಸೋಮವಾರಕ್ಕೆಂದು ಇಸ್ತ್ರಿ ಮಾಡಿಟ್ಟಿದ್ದ ಅಂಗಿಯನ್ನು ಮಡಿಸಿ ಬೀರುವಿನೊಳಗಿಟ್ಟಳು.

ಅದು ಮೊಟ್ಟೆಯ ಮೇಲೆ ಕೂತಿತ್ತೋ, ಬಿಸಿಲಿಗೆ ಸುಮ್ಮನೆ ಕೂತಿತ್ತೋ, ನನಗೆ ಗೊತ್ತಿಲ್ಲ ಪುಟ್ಟಿ.

ಅಣ್ಣ